ಕಡಲ ಸೂಕ್ಷ್ಮ ಚಿಪ್ಪುಗಳ ಎರಡು ಸಾಕ್ಷ್ಯಗಳು

ಫೊರಾಮಿನಿಫೆರಗಳೆಂಬುವು ಸಮುದ್ರವಾಸಿಗಳಾದ ಏಕಕೋಶಜೀವಿಗಳು. ಇವುಗಳಲ್ಲಿ ಬಹುತೇಕ ಮರಳ ಕಣದ ಗಾತ್ರದ ಚಿಪ್ಪನ್ನು ಕಟ್ಟಿಕೊಳ್ಳುತ್ತವೆ. ಜೀವಿ ಅಳಿದ ಮೇಲೆ ಚಿಪ್ಪು ಕಡಲತಳದ ಕೆಸರಿನಲ್ಲಿ ಹೂತು ಶಿಲೆಯ ಭಾಗವಾಗುತ್ತದೆ. 1826ರಲ್ಲಿ ಇವಕ್ಕೆ ಹೆಸರಿಟ್ಟ ಫ್ರಾನ್ಸಿನ ಆಲ್ಸೀದ್ ದೊರ್ಬಿನ್ಯಿ ಇವನ್ನು ನಾಟಿಲಸಿನಂತಹ ಮೃದ್ವಂಗಿಗಳೆಂದೇ ಎಣಿಸಿದ್ದನು. ಶಿಲಾಸ್ತರವು ಯಾವ ಕಾಲದ್ದು, ಆ ಕಾಲದ ಕಡಲು ಹೇಗಿದ್ದಿತು ಎಂಬ ಎರಡು ಪ್ರಶ್ನೆಗಳನ್ನೂ ವಿದ್ವಾಂಸರು ಈ ಚಿಪ್ಪುಗಳನ್ನೇ ಕೇಳುತ್ತಾರೆ. ಇವೆರಡರ ಸಂಬಂಧವನ್ನು ಅರಿತ ಬಗೆಯೇ ಈ ಶಾಸ್ತ್ರದ ಚರಿತ್ರೆ.

ಮೊದಲು ಪ್ರಬಲವಾದುದು ಕಾಲನಿರ್ಣಯ. ಎಣ್ಣೆಬಾವಿಯನ್ನು ಕೊರೆಯುವಾಗ ದೊಡ್ಡ ಪಳೆಯುಳಿಕೆಗಳು ಪುಡಿಯಾಗುತ್ತವೆ, ಸಣ್ಣ ಚಿಪ್ಪುಗಳು ಉಳಿಯುತ್ತವೆ. ಇದನ್ನು ಬಳಸಿಕೊಂಡು ಎಸ್ತರ್ ಆಪ್ಲಿನ್, ಆಲ್ವ ಎಲಿಸರ್, ಹೆಡ್ವಿಗ್ ನೈಕರ್ ಎಂಬ ಮೂವರು ವಿದುಷಿಯರು ಟೆಕ್ಸಾಸ್ ಮತ್ತು ಲೂಯಿಸಿಯಾನ ಕರಾವಳಿಯ ಭೂಗತ ಸ್ತರಗಳ ಕ್ರಮವನ್ನು 1925ರಲ್ಲಿ ಪ್ರಕಟಿಸಿದರು. ಆದರೆ ಒಂದು ಜಾತಿ ಸ್ತರದಲ್ಲಿ ಕಾಣದಿದ್ದರೆ ಅದು ಆಗಲೇ ಅಳಿದಿತ್ತೆಂದು ಹೇಳಲಾಗದು. ಅಲ್ಲಿಯ ನೀರಿನ ಆಳವೋ ಉಷ್ಣತೆಯೋ ಅದಕ್ಕೆ ಒಗ್ಗದೆಯೂ ಇದ್ದಿರಬಹುದು. ಆದುದರಿಂದ ಪರಿಸರವನ್ನು ತಿಳಿಯದೆ ಕಾಲವನ್ನು ಹೇಳುವುದು ಅಪಾಯಕರ.

ಪರಿಸರದ ಸಾಕ್ಷ್ಯವು ಚಿಪ್ಪಿನ ಆಮ್ಲಜನಕದಲ್ಲಿ ದೊರೆಯಿತು. ನೀರು ತಣ್ಣಗಾದಷ್ಟೂ ಸುಣ್ಣದ ಚಿಪ್ಪಿನಲ್ಲಿ ಭಾರವಾದ ಆಮ್ಲಜನಕ-18 ಹೆಚ್ಚುತ್ತದೆ. ಇದನ್ನಳೆದು ಸೆಸಾರೆ ಎಮಿಲಿಯಾನಿ 1955ರಲ್ಲಿ ಹಿಮಯುಗಗಳ ಕಡಲಿನ ಉಷ್ಣತೆಯನ್ನು ಗಣಿಸಿದನು. ಆದರೆ ಆವಿಯಾಗಿ ಏರುವ ನೀರಿನಲ್ಲಿ ಹಗುರವಾದ ಆಮ್ಲಜನಕದ ಪಾಲು ಹೆಚ್ಚು. ಆ ನೀರು ನೆಲದ ಮೇಲೆ ಹಿಮವಾಗಿ ನಿಂತರೆ ಕಡಲಿನಲ್ಲಿ ಆಮ್ಲಜನಕ-18ರ ಪಾಲು ತಾನಾಗಿ ಏರುತ್ತದೆ. ತಳವಾಸಿ ಜೀವಿಗಳ ಚಿಪ್ಪಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಬದಲಾವಣೆಯಿರುವುದನ್ನು ನಿಕೊಲಸ್ ಶಾಕಲ್‌ಟನ್ 1967ರಲ್ಲಿ ತೋರಿಸಿದನು. ಮೊದಲೇ ಶೀತಲವಾದ ಆಳದ ನೀರು ಅಷ್ಟೊಂದು ತಣಿಯಲಾರದು. ಆದುದರಿಂದ ಚಿಪ್ಪುಗಳು ಮುಖ್ಯವಾಗಿ ಹೇಳುತ್ತಿದ್ದುದು ಹಿಮದ ಮೊತ್ತವನ್ನು.

ಈ ತಿದ್ದುಪಡಿಯಿಂದ ಅನಿರೀಕ್ಷಿತ ಲಾಭವಾಯಿತು. ಉಷ್ಣತೆ ಸ್ಥಳದಿಂದ ಸ್ಥಳಕ್ಕೆ ಬೇರೆ. ಹಿಮದ ಪರಿಣಾಮವಾದರೋ ಕೆಲವೇ ಸಾವಿರ ವರ್ಷಗಳೊಳಗೆ ಎಲ್ಲ ಸಾಗರಗಳಲ್ಲಿಯೂ ಹರಡುತ್ತದೆ. ಹೀಗೆ ಪರಿಸರದ ಸಾಕ್ಷ್ಯವೇ ಕಾಲದ ಅಳತೆಗೋಲಾಯಿತು. 1973ರಲ್ಲಿ ಶಾಕಲ್‌ಟನ್ ಮತ್ತು ನೀಲ್ ಆಪ್‌ಡೈಕ್ ಪೆಸಿಫಿಕ್ ಸಾಗರದ ಕೆಸರಿನ ಒಂದು ಕಂಬದಲ್ಲಿ ಇದನ್ನು ಭೂಕಾಂತಶಕ್ತಿಯ ದಿಕ್ಪಲ್ಲಟದೊಡನೆ ಹೊಂದಿಸಿದರು. 1976ರಲ್ಲಿ ಜೇಮ್ಸ್ ಹೇಸ್, ಜಾನ್ ಇಂಬ್ರಿ ಮತ್ತು ಶಾಕಲ್‌ಟನ್ ದಕ್ಷಿಣ ಹಿಂದೂ ಮಹಾಸಾಗರದ ಕೆಸರಿನಲ್ಲಿ ಸುಮಾರು 1,00,000, 42,000 ಮತ್ತು 23,000 ವರ್ಷಗಳ ಆವರ್ತಗಳನ್ನು ಗುರುತಿಸಿ, ಹಿಮಯುಗಗಳ ಗತಿಯನ್ನು ಭೂಕಕ್ಷೆಯ ವ್ಯತ್ಯಾಸಗಳಿಗೆ ಜೋಡಿಸಿದರು. ಒಂದೇ ಚಿಪ್ಪಿನ ಎರಡು ಸಾಕ್ಷ್ಯಗಳು ಪರಸ್ಪರ ತಿದ್ದಿಕೊಂಡಾಗಲೇ ಈ ಜ್ಞಾನವು ಸ್ಥಿರವಾಯಿತು.