ಶ್ರವಣ ಸಾಧನ ಕೊಳ್ಳುವ ಮುನ್ನ: ನಿಮ್ಮ ಕಿವಿಗೆ ಯಾವುದು ಸರಿ?

ಅಜ್ಜ ಟಿ.ವಿ.ಯ ಶಬ್ದವನ್ನು ದಿನದಿಂದ ದಿನಕ್ಕೆ ಹೆಚ್ಚಿಸುತ್ತಾರೆ. "ಸಾಲು" ಎಂದರೆ "ಹಾಲು" ಎಂದು ಕೇಳಿಸಿಕೊಳ್ಳುತ್ತಾರೆ. ಫೋನ್ ಬಂದರೆ ಬೇರೆಯವರ ಕೈಗೆ ಕೊಡುತ್ತಾರೆ. ಮದುವೆ ಮನೆಗೆ ಹೋದರೂ ಯಾರೊಂದಿಗೂ ಮಾತನಾಡದೆ ಊಟ ಮಾಡಿ ಬರುತ್ತಾರೆ. ವಯಸ್ಸಾದ ಮೇಲೆ ಇದೆಲ್ಲ ಸಹಜ ಎಂದು ಮನೆಯವರು ಸುಮ್ಮನಾಗುತ್ತಾರೆ. ಕೊನೆಗೊಂದು ದಿನ ಯಾರೋ ಹೇಳಿದರೆಂದು ಶ್ರವಣ ಸಾಧನ, ಅಂದರೆ ಹಿಯರಿಂಗ್ ಏಡ್ ತಂದುಕೊಡುತ್ತಾರೆ. ಹದಿನೈದು ದಿನಗಳಲ್ಲಿ ಅದು ಕಪಾಟು ಸೇರುತ್ತದೆ. ಅನೇಕ ಮನೆಗಳಲ್ಲಿ ಇಲ್ಲಿ ತಪ್ಪಿರುವುದು ಯಂತ್ರವಲ್ಲ, ಆಯ್ಕೆ.

ಮೊದಲು ವೈದ್ಯರು, ಆಮೇಲೆ ಯಂತ್ರ

ಕಿವಿ ಕೇಳಿಸದಿರಲು ಕಾರಣ ಹಲವು. ಗುಗ್ಗೆ ಕಟ್ಟಿರಬಹುದು, ಕಿವಿ ಸೋರುತ್ತಿರಬಹುದು, ತಮಟೆಯಲ್ಲಿ ತೂತು ಬಿದ್ದಿರಬಹುದು. ಇಂತಹ ಹೊರಕಿವಿ, ನಡುಕಿವಿಯ ತೊಂದರೆಗಳು ಎಷ್ಟೋ ಬಾರಿ ಔಷಧಿ ಅಥವಾ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತವೆ. ವಯಸ್ಸಿನಿಂದ ಅಥವಾ ಹಲವು ವರ್ಷ ಯಂತ್ರಗಳ ಗದ್ದಲದಲ್ಲಿ ದುಡಿದದ್ದರಿಂದ ಒಳಕಿವಿಯ ಸೂಕ್ಷ್ಮ ಕೋಶಗಳು ಸವೆದಿದ್ದರೆ ಅವು ಮತ್ತೆ ಬೆಳೆಯುವುದಿಲ್ಲ. ಶ್ರವಣ ಸಾಧನ ಮುಖ್ಯವಾಗಿ ಬೇಕಾಗುವುದು ಇಂಥವರಿಗೆ. ಆದ್ದರಿಂದ ಮೊದಲು ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿರಿ.

ಒಂದು ಕಿವಿ ದಿಢೀರನೆ ಕೇಳಿಸದೇ ಹೋದರೆ ತಡಮಾಡಬೇಡಿ, ಅಂದೇ ವೈದ್ಯರ ಬಳಿ ಹೋಗಿ. ಚಿಕಿತ್ಸೆ ತಡವಾದಷ್ಟೂ ಶ್ರವಣ ಮರಳಿ ಬರುವ ಸಾಧ್ಯತೆ ಕಡಿಮೆಯಾಗುತ್ತದೆ.

ಪರೀಕ್ಷೆ ನಿಮ್ಮ ಭಾಷೆಯಲ್ಲಿ ನಡೆಯಲಿ

ವೈದ್ಯರು ನೋಡಿದ ಬಳಿಕ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಶಬ್ದ ನುಸುಳದ ಕೋಣೆಯಲ್ಲಿ ಪರೀಕ್ಷೆ ಮಾಡುತ್ತಾರೆ. ಇದರ ನಕ್ಷೆಯೇ ಆಡಿಯೋಗ್ರಾಂ. ಸಾಮಾನ್ಯ ಬಳಕೆಯಲ್ಲಿರುವ ಒಂದು ವಿಂಗಡಣೆಯ ಪ್ರಕಾರ 26ರಿಂದ 40 ಡೆಸಿಬೆಲ್ ಅಲ್ಪ, 41ರಿಂದ 55 ಮಧ್ಯಮ, 56ರಿಂದ 70 ಮಧ್ಯಮಕ್ಕಿಂತ ಹೆಚ್ಚು, 71ರಿಂದ 90 ತೀವ್ರ, 90ಕ್ಕೆ ಮೇಲ್ಪಟ್ಟರೆ ಅತಿ ತೀವ್ರ ಶ್ರವಣದೋಷ.

ಇನ್ನೊಂದು ಪರೀಕ್ಷೆಯಲ್ಲಿ ತಜ್ಞರು ಪದಗಳನ್ನು ಹೇಳುತ್ತಾರೆ, ನೀವು ಮರಳಿ ಹೇಳಬೇಕು. ಗಡಿನಾಡಿನ ಕನ್ನಡಿಗರು ಇಲ್ಲಿ ಎಚ್ಚರವಾಗಿರಬೇಕು. ಮನೆಯಲ್ಲಿ ಕನ್ನಡವಾಡುವ ಹಿರಿಯರಿಗೆ ಮಲಯಾಳಂ, ತಮಿಳು ಅಥವಾ ಮರಾಠಿ ಪದಗಳಲ್ಲಿ ಪರೀಕ್ಷೆ ಮಾಡಿದರೆ, ಕಿವಿ ಕೇಳಿಸಲಿಲ್ಲವೋ ಪದ ಗೊತ್ತಾಗಲಿಲ್ಲವೋ ತಿಳಿಯುವುದಿಲ್ಲ. ಈ ಪರೀಕ್ಷೆಗೆಂದೇ ಸಿದ್ಧಪಡಿಸಿದ ಕನ್ನಡ ಪದಪಟ್ಟಿಗಳಿವೆ. "ಕನ್ನಡ ಪಟ್ಟಿಯಲ್ಲೇ ಪರೀಕ್ಷಿಸಿ" ಎಂದು ಕೇಳಲು ಸಂಕೋಚ ಬೇಡ.

ವಯಸ್ಸಾದವರಿಗೆ ಸಾಮಾನ್ಯವಾಗಿ ಮೊದಲು ಕಡಿಮೆಯಾಗುವುದು ತೀಕ್ಷ್ಣ ಸ್ವರಗಳು. ಆ, ಊ, ಓ ಕೇಳಿಸುತ್ತವೆ. ಸ, ಶ, ತ ತಪ್ಪಿಹೋಗುತ್ತವೆ. "ಶಬ್ದ ಕೇಳುತ್ತದೆ, ಮಾತು ತಿಳಿಯುವುದಿಲ್ಲ" ಎಂದು ಅವರು ಹೇಳುವುದು ಇದೇ ಕಾರಣಕ್ಕೆ. ಇವರಿಗೆ ಎಲ್ಲ ಶಬ್ದವನ್ನೂ ಒಂದೇ ಸಮನೆ ದೊಡ್ಡದು ಮಾಡುವ ಅಗ್ಗದ ಯಂತ್ರದಿಂದ ತಲೆನೋವೇ ಹೊರತು ಪ್ರಯೋಜನ ಕಡಿಮೆ. ಡಿಜಿಟಲ್ ಸಾಧನವನ್ನು ಆಡಿಯೋಗ್ರಾಂ ನೋಡಿ, ಬೇಕಾದ ಸ್ವರಗಳನ್ನಷ್ಟೇ ಹೆಚ್ಚಿಸುವಂತೆ ಹೊಂದಿಸಬಹುದು.

ಯಾವ ಬಗೆ ಯಾರಿಗೆ?

ಜೇಬಿನ ಮಾದರಿ: ಪೆಟ್ಟಿಗೆ ಜೇಬಿನಲ್ಲಿ, ತಂತಿ ಕಿವಿಗೆ. ಬೆಲೆ ಕಡಿಮೆ, ಗುಂಡಿಗಳು ದೊಡ್ಡವು, ಮಾಮೂಲಿ ಪೆನ್‌ಸೆಲ್ ಸಾಕು. ಕೈ ನಡುಗುವವರಿಗೆ ಅನುಕೂಲ. ಆದರೆ ಬಟ್ಟೆ ಉಜ್ಜುವ ಸದ್ದೂ ಕೇಳಿಸುತ್ತದೆ.

ಕಿವಿಯ ಹಿಂದಿನ ಮಾದರಿ (ಬಿ.ಟಿ.ಇ.): ಅಲ್ಪದಿಂದ ಅತಿ ತೀವ್ರ ದೋಷದವರೆಗೆ ಹೊಂದುತ್ತದೆ, ಗಟ್ಟಿಮುಟ್ಟು. ಮಕ್ಕಳಿಗೆ ಇದೇ ಸೂಕ್ತ. ಕಿವಿ ಬೆಳೆದಂತೆ ಒಳಗಿಡುವ ಅಚ್ಚನ್ನು ಮಾತ್ರ ಬದಲಿಸಿದರೆ ಸಾಕು.

ಕಾಲುವೆಯೊಳಗೆ ಸ್ಪೀಕರ್ ಇರುವ ಮಾದರಿ (ಆರ್.ಐ.ಸಿ.): ಚಿಕ್ಕದು, ಹಗುರ. ತೀಕ್ಷ್ಣ ಸ್ವರ ಮಾತ್ರ ಕೇಳದವರಿಗೆ ಹಿತ. ಕಿವಿ ಸೋರುವವರಿಗೆ ತಕ್ಕುದಲ್ಲ.

ಕಿವಿಯೊಳಗಿನ ಮಾದರಿಗಳು: ಹೊರಗೆ ಅಷ್ಟಾಗಿ ಕಾಣಿಸುವುದಿಲ್ಲ. ಆದರೆ ಬ್ಯಾಟರಿ ಬಹಳ ಪುಟ್ಟದು, ಗುಗ್ಗೆ ಸಿಕ್ಕಿಕೊಳ್ಳುತ್ತದೆ, ಅತಿ ತೀವ್ರ ದೋಷಕ್ಕೆ ಶಕ್ತಿ ಸಾಲದು. ಕಾಣಿಸಬಾರದು ಎಂಬ ಒಂದೇ ಕಾರಣಕ್ಕೆ ಇದನ್ನು ಆರಿಸಬೇಡಿ.

ಎರಡೂ ಕಿವಿ ಮಂದವಾಗಿದ್ದರೆ ಎರಡಕ್ಕೂ ಸಾಧನವಿದ್ದರೆ ಉತ್ತಮ. ಶಬ್ದ ಯಾವ ಕಡೆಯಿಂದ ಬಂತೆಂದು ತಿಳಿಯುತ್ತದೆ, ಗದ್ದಲದಲ್ಲಿ ಮಾತು ಹೆಚ್ಚು ಸ್ಪಷ್ಟವಾಗುತ್ತದೆ.

ಬ್ಯಾಟರಿ ಮತ್ತು ಮಳೆಗಾಲ

ಪುಟ್ಟ ಬ್ಯಾಟರಿಗಳನ್ನು ಬಣ್ಣದಿಂದ ಗುರುತಿಸಬಹುದು: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ನಿಮ್ಮ ಊರಿನ ಔಷಧಿ ಅಂಗಡಿಯಲ್ಲಿ ಅದು ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಚಾರ್ಜ್ ಮಾಡುವ ಮಾದರಿಯಾದರೆ ಕರೆಂಟ್ ಕೈಕೊಡುವ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕರಾವಳಿಯ ಮಳೆ ಮತ್ತು ಬೆವರು ಸಾಧನಕ್ಕೆ ಶತ್ರು. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ.

ಖರ್ಚು ಮತ್ತು ನೆರವು

ಬೆಲೆ ಕೆಲವು ಸಾವಿರದಿಂದ ಲಕ್ಷ ದಾಟುವವರೆಗೂ ಇದೆ. ಮನೆಯಲ್ಲೇ ಇದ್ದು ಒಬ್ಬಿಬ್ಬರೊಡನೆ ಮಾತನಾಡುವ ಹಿರಿಯರಿಗೆ ಲಕ್ಷದ ಸಾಧನ ಬೇಕಿಲ್ಲ. ತರಗತಿ, ಸಭೆ, ವ್ಯಾಪಾರ ಎಂದು ಓಡಾಡುವವರಿಗೆ ಗದ್ದಲ ತಗ್ಗಿಸುವ ಸೌಲಭ್ಯ ಇದ್ದರೆ ಒಳ್ಳೆಯದು.

ರಾಜ್ಯ ಸರ್ಕಾರಗಳ ಯೋಜನೆಗಳು ಸಾಮಾನ್ಯವಾಗಿ ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ. ಆದರೆ ಕೇಂದ್ರದ ಎಡಿಐಪಿ ಯೋಜನೆ ಎಲ್ಲ ರಾಜ್ಯದವರಿಗೂ ಅನ್ವಯಿಸುತ್ತದೆ. ಇದಕ್ಕೆ ಕನಿಷ್ಠ ಶೇ. 40 ಅಂಗವೈಕಲ್ಯದ ಪ್ರಮಾಣಪತ್ರ ಬೇಕು, ಆದಾಯದ ಮಿತಿಯೂ ಇದೆ. 60 ದಾಟಿದ ಬಡ ಹಿರಿಯರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಶಿಬಿರಗಳಲ್ಲಿ ಸಾಧನ ನೀಡಲಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದ್ದು. ಅಲ್ಲಿ ಯಾವ ರಾಜ್ಯದವರು ಬೇಕಾದರೂ ತೋರಿಸಿಕೊಳ್ಳಬಹುದು, ಕನ್ನಡದಲ್ಲೇ ಪರೀಕ್ಷೆಯೂ ಆಗುತ್ತದೆ.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಪರೀಕ್ಷಿಸಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ?
2. ಕೆಲವು ದಿನ ಮನೆಯಲ್ಲಿ ಹಾಕಿ ನೋಡಲು ಕೊಡುತ್ತೀರಾ?
3. ವಾರಂಟಿ ಎಷ್ಟು ವರ್ಷ? ಕೆಟ್ಟರೆ ರಿಪೇರಿ ಎಲ್ಲಿ?
4. ಮತ್ತೆ ಬಂದಾಗ ಹೊಂದಿಸಿಕೊಡಲು ಬೇರೆ ಹಣ ಕೊಡಬೇಕೇ?

ಮಕ್ಕಳ ವಿಷಯದಲ್ಲಿ ಕಾಯಬೇಡಿ

ಮಗುವಿಗೆ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಸಂಶಯವಿದ್ದರೆ ಮೂರು ತಿಂಗಳೊಳಗೆ ಪೂರ್ಣ ಪರೀಕ್ಷೆ, ದೋಷವಿದ್ದರೆ ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ ಆರಂಭವಾಗಬೇಕು. "ತಡವಾಗಿ ಮಾತು ಬರುತ್ತದೆ" ಎಂದು ಕಾಯುತ್ತಾ ಕುಳಿತರೆ ಭಾಷೆ ಕಲಿಯುವ ವಯಸ್ಸೇ ಕಳೆದುಹೋಗುತ್ತದೆ.

ಅಭ್ಯಾಸಕ್ಕೆ ಸಮಯ ಕೊಡಿ

ಮೊದಲ ದಿನ ಸ್ವಂತ ದನಿಯೇ ವಿಚಿತ್ರವಾಗಿ ಕೇಳುತ್ತದೆ, ಪಾತ್ರೆಯ ಸದ್ದು ಕಿವಿಗೆ ಬಡಿಯುತ್ತದೆ. ಮೊದಲು ಮನೆಯಲ್ಲಿ ದಿನಕ್ಕೆ ಒಂದೆರಡು ಗಂಟೆ ಹಾಕಿ, ನಿಧಾನವಾಗಿ ಹೊತ್ತನ್ನು ಹೆಚ್ಚಿಸಿ. ಸಂತೆ, ಜಾತ್ರೆ ಆಮೇಲೆ. ಕುಂಯ್ ಎಂದು ಶಿಳ್ಳೆ ಹೊಡೆದರೆ ಅಚ್ಚು ಸರಿಯಾಗಿ ಕೂತಿಲ್ಲವೆಂದು ತಿಳಿಯಿರಿ. ತೊಂದರೆಗಳನ್ನು ಬರೆದಿಟ್ಟುಕೊಂಡು ತಜ್ಞರಿಗೆ ಹೇಳಿದರೆ ಸರಿಪಡಿಸಿಕೊಡುತ್ತಾರೆ.

ಮನೆಯವರೂ ಎದುರಿಗೆ ಬಂದು, ಕೂಗದೆ, ನಿಧಾನವಾಗಿ ಮಾತನಾಡಬೇಕು. ಯಂತ್ರ ಶಬ್ದವನ್ನು ಕಿವಿಗೆ ಮುಟ್ಟಿಸುತ್ತದೆ. ಅಜ್ಜನನ್ನು ಮತ್ತೆ ಮಾತಿಗೆ ಎಳೆಯುವುದು ಮನೆಯವರ ಕೆಲಸ.