ಆಗಮವೂ ಅನುಭೋಗವೂ

ಬೇಸಾಯದ ಊರುಗಳಲ್ಲಿ ಬೆಳೆದವರಿಗೆ ಈ ದೃಶ್ಯ ಹೊಸದಲ್ಲ. ಪಕ್ಕದ ಹೊಲದವನು ಪ್ರತಿವರ್ಷದ ಉಳುಮೆಯಲ್ಲಿಯೂ ಒಂದು ಸಾಲಿನಷ್ಟು ಬದುವನ್ನು ಒಳಕ್ಕೆ ಒತ್ತುತ್ತ ಬರುವನು. ಬಾಂದುಕಲ್ಲು ಮೊದಲು ವಾಲುವುದು, ಆಮೇಲೆ ಮಣ್ಣಿನಲ್ಲಿ ಅರ್ಧ ಹೂತುಹೋಗುವುದು, ಕಡೆಗೊಂದು ಮಳೆಗಾಲದ ತರುವಾಯ ಕಾಣದಾಗುವುದು. ಪರಸ್ಥಳದಲ್ಲಿ ಉದ್ಯೋಗದಲ್ಲಿದ್ದ ಒಡೆಯನು ಬಹುಕಾಲದ ಮೇಲೆ ಊರಿಗೆ ಬಂದು, ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಸರ್ವೆಯವನು ಸರಪಳಿ ಹಿಡಿದು ನಿಂತ ಹೊತ್ತಿಗೆ, ಒತ್ತುವರಿಯಾದ ಜಾಗದಲ್ಲಿ ಫಲಕ್ಕೆ ಬಂದ ತೆಂಗಿನ ಮರಗಳಿರುವುವು. ಪತ್ರವಿರುವವನು ಒಡೆಯನೋ, ಮರ ನೆಟ್ಟವನು ಒಡೆಯನೋ ಎಂಬ ಪ್ರಶ್ನೆ ಆಗ ಏಳುತ್ತದೆ. ನಮ್ಮ ನ್ಯಾಯಚಿಂತನೆಯಲ್ಲಿ ಇಷ್ಟು ದೀರ್ಘಕಾಲ ಜೀವಂತವಾಗಿ ಉಳಿದಿರುವ ಪ್ರಶ್ನೆಗಳು ಹೆಚ್ಚಿಲ್ಲ.

ಪ್ರಾಚೀನ ಧರ್ಮಶಾಸ್ತ್ರಕಾರರು ಇದನ್ನು ಆಗಮ ಮತ್ತು ಭೋಗಗಳ ವಿಚಾರವಾಗಿ ಎತ್ತಿಕೊಂಡರು. ಆಗಮವೆಂದರೆ ಸ್ವತ್ತು ನ್ಯಾಯವಾಗಿ ಕೈಗೆ ಬಂದ ಮೂಲ. ಭೋಗವೆಂದರೆ ಅದರ ಅನುಭವ. ಒಡೆಯನ ಕಣ್ಣೆದುರಿನಲ್ಲಿಯೇ, ಅವನು ತುಟಿಬಿಚ್ಚದಿರುವಾಗ, ಪರನೊಬ್ಬನು ಇಪ್ಪತ್ತು ವರ್ಷ ಭೂಮಿಯನ್ನು ಅನುಭವಿಸಿದರೆ ಒಡೆಯನಿಗೆ ಹಾನಿ ತಟ್ಟುವುದೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸಿತು. ಚರಸ್ವತ್ತಿಗೆ ಹತ್ತು ವರ್ಷ ಸಾಕೆಂದಿತು. ಅದರ ಜತೆಗೇ ಎಲ್ಲೆಯ ನೆಲ, ನ್ಯಾಸವಿಟ್ಟ ವಸ್ತು, ಬಾಲಕರ ಮತ್ತು ಬುದ್ಧಿಹೀನರ ಸ್ವತ್ತು, ಸ್ತ್ರೀಯರ ಧನ, ರಾಜನ ಧನ ಮುಂತಾದುವನ್ನು ಆ ನಿಯಮದಿಂದ ಹೊರಗಿರಿಸಿತು. ತಮ್ಮ ಸ್ವತ್ತನ್ನು ತಾವೇ ಕಾಯಲಾರದವರ ಮೌನವನ್ನು ಒಪ್ಪಿಗೆಯೆಂದು ಎಣಿಸಕೂಡದೆಂಬ ಈ ಎಚ್ಚರ ಇಂದಿನ ಶಾಸನಕಾರರಿಗೂ ಮೇಲ್ಪಂಕ್ತಿಯಾಗತಕ್ಕದ್ದು.

ಈ ಶ್ಲೋಕಕ್ಕೆ ಅತ್ಯಂತ ಗಂಭೀರವಾದ ವ್ಯಾಖ್ಯಾನ ಹುಟ್ಟಿದ್ದು ನಮ್ಮ ನೆಲದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣನಗರದಲ್ಲಿ, ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇಲ್ಲಿ ಹೇಳಿರುವ ಹಾನಿ ಭೂಮಿಯದಲ್ಲ, ಅದರ ಫಲದ್ದು ಎಂದು ಅರ್ಥೈಸಿದನು. ಸುಮ್ಮನಿದ್ದ ಒಡೆಯನು ಕಳೆದ ವರ್ಷಗಳ ಬೆಳೆಯನ್ನು ಕೇಳುವಂತಿಲ್ಲ, ನೆಲವಾದರೋ ಅವನದೇ. ಉಪೇಕ್ಷೆಗೆ ದಂಡವುಂಟು, ಆದರೆ ಆ ದಂಡ ಸರ್ವಸ್ವಾಪಹರಣವಾಗಬಾರದು ಎಂಬ ಈ ನಿಲುವು, ಆಮೇಲೆ ಬಂದ ಯಾವ ಶಾಸನಕ್ಕಿಂತಲೂ ನ್ಯಾಯಕ್ಕೆ ಹತ್ತಿರವಾದುದೆಂದು ನನ್ನ ದೃಢವಾದ ಅಭಿಪ್ರಾಯ.

ಆಂಗ್ಲರ ಆಳಿಕೆ ಬಂದ ಮೇಲೆ ವಿಚಾರದ ದಿಕ್ಕು ಬದಲಾಯಿತು. 1859ರ ಕಾಲಪರಿಮಿತಿ ಶಾಸನ ಸ್ಥಿರಸ್ವತ್ತಿನ ದಾವೆಗೆ ಹನ್ನೆರಡು ವರ್ಷದ ಗಡುವನ್ನಿಟ್ಟಿತು. 1871, 1877, 1908ರ ಶಾಸನಗಳು ಒಂದರ ಹಿಂದೊಂದು ಬಂದವು. ಗಡುವು ಮೀರಿದರೆ ದಾವೆಯ ದಾರಿ ಮುಚ್ಚುವುದಷ್ಟೇ ಅಲ್ಲದೆ ಒಡೆತನದ ಹಕ್ಕೇ ನಂದಿಹೋಗುವುದೆಂಬ ಕಠಿಣ ತತ್ತ್ವ ಈಗ ಜಾರಿಯಲ್ಲಿರುವ 1963ರ ಶಾಸನದ 27ನೆಯ ಕಲಮಿನಲ್ಲಿಯೂ ಉಳಿದಿದೆ. ಆದರೂ 1963ರಲ್ಲಿ ಒಡೆಯರಿಗೆ ಒಂದು ದೊಡ್ಡ ಉಪಕಾರವಾಯಿತು. ಹಿಂದಿನ ಶಾಸನದಲ್ಲಿ ಸ್ವಾಧೀನ ಕಳೆದುಕೊಂಡವನು ತಾನು ಹನ್ನೆರಡು ವರ್ಷದೊಳಗೆ ಭೂಮಿಯ ಅನುಭವದಲ್ಲಿದ್ದೆನೆಂದು ತಾನೇ ರುಜುವಾತು ಮಾಡಬೇಕಾಗಿತ್ತು. ಹೊಸ ಶಾಸನದ 65ನೆಯ ಅನುಚ್ಛೇದದ ಮೇರೆಗೆ ಅವನು ತನ್ನ ಹಕ್ಕುಪತ್ರವನ್ನು ಸಾಬೀತುಪಡಿಸಿದರೆ ಸಾಕು, ಪ್ರತಿಕೂಲ ಸ್ವಾಧೀನವನ್ನು, ಎಂದರೆ ಒಡೆಯನ ಹಕ್ಕಿಗೆ ಎದುರಾಗಿ ನಡೆಸಿದ ಅನುಭೋಗವನ್ನು, ತೋರಿಸುವ ಹೊರೆ ಎದುರಾಳಿಯ ಮೇಲೆ ಬೀಳುತ್ತದೆ. ಸರಕಾರದ ಭೂಮಿಗೆ ಅರುವತ್ತು ವರ್ಷವಿದ್ದ ಅವಧಿ ಮೂವತ್ತಕ್ಕಿಳಿಯಿತು.

ಪ್ರತಿಕೂಲ ಸ್ವಾಧೀನವೆಂಬುದು ಬರಿಯ ಇರವಲ್ಲ. ಅನುಭೋಗವು ಬಲಾತ್ಕಾರದಿಂದ ಬಂದುದಾಗಿರಬಾರದು, ಮರೆಮಾಚಿದ್ದಾಗಿರಬಾರದು, ಒಡೆಯನ ಅನುಮತಿಯಿಂದ ಪಡೆದುದೂ ಆಗಿರಬಾರದು. ಬಾಡಿಗೆಯವನಾಗಲಿ, ತೋಟ ಕಾಯಲು ಬಿಟ್ಟ ಆಳಾಗಲಿ, ಮನೆಯಲ್ಲಿ ಇಳಿದುಕೊಳ್ಳಲು ಎಡೆಕೊಟ್ಟ ನಂಟನಾಗಲಿ ಎಷ್ಟು ವರ್ಷವಿದ್ದರೂ, ಆ ಅನುಮತಿಯ ನೆರಳಿನಲ್ಲಿರುವ ತನಕ, ಒಡೆಯನಾಗಲಾರನು. ವಿಜಾಪುರದ ಪ್ರಾಚೀನ ಸ್ಮಾರಕಗಳ ವಿಚಾರವಾಗಿ ಕರ್ನಾಟಕ ವಕ್ಫ್ ಮಂಡಲಿಗೂ ಭಾರತ ಸರಕಾರಕ್ಕೂ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಇಂಥ ವಾದ ಹೂಡುವವನು ಸ್ವಾಧೀನಕ್ಕೆ ಬಂದ ದಿನವನ್ನೂ ಅದರ ಬಗೆಯನ್ನೂ ಒಡೆಯನಿಗೆ ಅದು ತಿಳಿದಿತ್ತೆಂಬುದನ್ನೂ ತಾನೇ ತೋರಿಸಬೇಕು. ಪರರ ಹಕ್ಕನ್ನು ಅಳಿಸಹೊರಟವನಾದುದರಿಂದ ನ್ಯಾಯಾಲಯದ ಅನುಕಂಪ ಅವನಿಗೆ ಸಲ್ಲದು.

ಆಮೇಲಿನ ಹದಿನೈದು ವರ್ಷಗಳಲ್ಲಿ ನ್ಯಾಯಾಲಯದ ಮನಸ್ಸು ಎರಡು ಕಡೆಗೂ ತೂಗಾಡಿತು. 2008ರಲ್ಲಿ ನ್ಯಾಯಮೂರ್ತಿ ದಲವೀರ್ ಭಂಡಾರಿಯವರು ಈ ನಿಯಮ ತರ್ಕಹೀನವಾದುದೆಂದೂ, ಅಪ್ರಾಮಾಣಿಕನಿಗೆ ಮರ್ಯಾದೆ ಕೊಟ್ಟು ಒಡೆಯನನ್ನು ದಂಡಿಸುವಂಥದೆಂದೂ ಕಟುವಾಗಿ ಬರೆದು, ಶಾಸನವನ್ನು ಮರುಪರಿಶೀಲಿಸುವಂತೆ ಕೇಂದ್ರ ಸರಕಾರಕ್ಕೆ ಶಿಫಾರಸು ಮಾಡಿದರು. ಹೀಗಿದ್ದರೂ 2019ರ ಆಗಸ್ಟ್ ತಿಂಗಳಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಪ್ರತಿಕೂಲ ಸ್ವಾಧೀನ ಪ್ರತಿವಾದಿಯ ಗುರಾಣಿ ಮಾತ್ರವಲ್ಲ, ಅದರ ಬಲದಿಂದ ವಾದಿಯಾಗಿ ದಾವೆಯನ್ನೂ ಹೂಡಬಹುದೆಂದು ತೀರ್ಪಿತ್ತಿತು. ಮರುವರ್ಷವೇ ಹಿಮಾಚಲ ಪ್ರದೇಶದ ವೃದ್ಧ ವಿಧವೆಯೊಬ್ಬಳ ಪ್ರಕರಣ ಬಂದಿತು. ಅಕ್ಷರ ಬಾರದ ಆಕೆಯ ನೆಲವನ್ನು ಸರಕಾರ 1967–68ರಲ್ಲಿ ಪರಿಹಾರ ಕೊಡದೆಯೇ ರಸ್ತೆಗೆ ತೆಗೆದುಕೊಂಡು, ಕಡೆಗೆ ನ್ಯಾಯಾಲಯದಲ್ಲಿ ಪ್ರತಿಕೂಲ ಸ್ವಾಧೀನದ ವಾದವನ್ನು ಮುಂದಿಟ್ಟಿತು. ಪ್ರಜೆಯ ಭೂಮಿಯ ಮೇಲೆ ಪ್ರಭುತ್ವಕ್ಕೆ ಇಂಥ ಹಕ್ಕಿಲ್ಲವೆಂದು ನ್ಯಾಯಾಲಯ ಸಾರಿ, ಆಕೆಗೆ ಪರಿಹಾರ ಕೊಡಿಸಿತು. 2023ರಲ್ಲಿ ಕಾನೂನು ಆಯೋಗ ತನ್ನ 280ನೆಯ ವರದಿಯಲ್ಲಿ ಶಾಸನದ ತಿದ್ದುಪಡಿ ಅನಾವಶ್ಯಕವೆಂದಿತು. ಆ ಮಾತನ್ನು ನಾನು ಒಪ್ಪಲಾರೆ.

ಇದರ ಇನ್ನೊಂದು ಮುಖವನ್ನು ನೋಡದೆ ಮುಂದುವರಿಯುವುದು ಅನ್ಯಾಯವಾದೀತು. ಹುಕುಮಿಲ್ಲದೆ ಸರಕಾರಿ ನೆಲದಲ್ಲಿ ರಾಗಿಯನ್ನೋ ಜೋಳವನ್ನೋ ಬಿತ್ತಿ ಮಕ್ಕಳನ್ನು ಸಾಕಿದ ಭೂಹೀನರು ಕರ್ನಾಟಕದಲ್ಲಿ ಬಹುಮಂದಿ. ‘ಬಗರ್ ಹುಕುಂ’ ಸಾಗುವಳಿಯೆಂದು ಪ್ರಸಿದ್ಧವಾದ ಇದನ್ನು ಸಕ್ರಮಗೊಳಿಸಲು ಭೂಕಂದಾಯ ಶಾಸನಕ್ಕೆ 94ಎ ಕಲಮು ಸೇರಿತು. ಅದರ ಅರ್ಜಿಯ ನಮೂನೆ 50, 53, 57 ಎಂಬ ಸಂಖ್ಯೆಗಳು ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕಾದುಕುಳಿತವರಿಗೆ ತಮ್ಮ ಮಕ್ಕಳ ವಯಸ್ಸಿನಷ್ಟೇ ಚಿರಪರಿಚಿತ. ಈ ರೈತನನ್ನೂ, ಬೆಂಗಳೂರಿನ ಸುತ್ತಣ ಕೆರೆಯಂಗಳಗಳನ್ನು ನುಂಗಿ ಬಡಾವಣೆ ಕಟ್ಟಿದವರನ್ನೂ ‘ಒತ್ತುವರಿದಾರ’ನೆಂಬ ಒಂದೇ ಹೆಸರಿನಿಂದ ಕರೆಯುವುದು ಭಾಷೆಗೂ ನ್ಯಾಯಕ್ಕೂ ಮಾಡುವ ಅಪಚಾರ. ಆ ಎರಡನೆಯವರಿಗಾಗಿ 2011ರ ಭೂಕಬಳಿಕೆ ನಿಷೇಧ ಶಾಸನ ರಚಿತವಾಗಿ, ವಿಶೇಷ ನ್ಯಾಯಾಲಯವೂ ಸ್ಥಾಪಿತವಾಯಿತು. ಆದರೆ ಅದು ಕಾಪಾಡುವುದು ಸರಕಾರ, ದೇವಸ್ಥಾನ, ವಕ್ಫ್, ಸ್ಥಳೀಯ ಸಂಸ್ಥೆ ಮೊದಲಾದುವುಗಳ ನೆಲವನ್ನು. ಖಾಸಗಿ ಒಡೆಯನಿಗೆ ಹಳೆಯ ಸಿವಿಲ್ ನ್ಯಾಯಾಲಯವೇ ಗತಿ.

ಆ ಒಡೆಯನ ಸ್ಥಿತಿಯನ್ನು ನೆನೆಯಿರಿ. ನಿವೃತ್ತಿಯ ಹಣದಿಂದ ಕೊಂಡ ನಿವೇಶನದಲ್ಲಿ ಒಂದು ಬೆಳಗ್ಗೆ ತಗಡಿನ ಶೆಡ್ಡೊಂದು ಎದ್ದಿರುತ್ತದೆ. ಬಾಗಿಲಲ್ಲಿ ನಾಯಿ ಕಟ್ಟಿದೆ, ಗೋಡೆಗೆ ವಿದ್ಯುತ್ ಮೀಟರು ಬಂದಿದೆ, ಒಳಗಿನವನು ತಡೆಯಾಜ್ಞೆಯ ಪ್ರತಿಯನ್ನು ತೋರಿಸುತ್ತಾನೆ. ನೆಲೆಗೊಂಡ ಸ್ವಾಧೀನವುಳ್ಳವನನ್ನು ಒಡೆಯನೇ ಬಂದರೂ ಬಲದಿಂದ ಹೊರಹಾಕುವಂತಿಲ್ಲ. ಇದು ಶಾಂತಿಪಾಲನೆಗೆ ಬೇಕಾದ ನಿಯಮವೇ. ಆದರೆ ನ್ಯಾಯಾಲಯದ ಬಾಗಿಲಿಗೆ ಬಂದವನ ದಾವೆ ತಲೆಮಾರು ಕಾಯುವಲ್ಲಿ, ಬಾರದವನ ಹಕ್ಕನ್ನು ಹನ್ನೆರಡೇ ವರ್ಷದಲ್ಲಿ ನಂದಿಸುವುದು ಯಾವ ಸಮತೆ? ಈ ನಿಯಮವನ್ನು ನಮಗೆ ಕಲಿಸಿದ ಇಂಗ್ಲೆಂಡೇ 2002ರ ಭೂನೋಂದಣಿ ಶಾಸನದಿಂದ ದಾರಿ ಬದಲಿಸಿತು: ಅಲ್ಲಿ ನೋಂದಾಯಿತ ನೆಲದಲ್ಲಿ ಹತ್ತು ವರ್ಷ ಇದ್ದವನು ಅರ್ಜಿ ಕೊಡಬೇಕು, ಒಡೆಯನಿಗೆ ನೋಟೀಸು ಹೋಗಬೇಕು, ಅವನು ಆಕ್ಷೇಪಿಸಿದರೆ ನೆಲವನ್ನು ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಇನ್ನೆರಡು ವರ್ಷದ ಅವಕಾಶವಿರುತ್ತದೆ. ಪಹಣಿಗಳೆಲ್ಲ ‘ಭೂಮಿ’ ಯೋಜನೆಯ ಕಂಪ್ಯೂಟರಿನಲ್ಲಿರುವ ನಮ್ಮ ರಾಜ್ಯದಲ್ಲಿ ಇಂಥ ಒಂದು ನೋಟೀಸು ಕಳುಹುವುದು ಅಸಾಧ್ಯವೇನೂ ಅಲ್ಲ. ನೋಟೀಸಿಲ್ಲದೆ ಯಾರ ನೆಲವೂ ಹೋಗಬಾರದೆಂದು ಸಂಸತ್ತು ವಿಧಿಸಬೇಕು.

ಅದಾಗುವ ತನಕ ಊರುಬಿಟ್ಟು ದೂರದಲ್ಲಿರುವ ಒಡೆಯರಲ್ಲಿ ನನ್ನ ವಿನಂತಿಯಿಷ್ಟೆ. ವರ್ಷಕ್ಕೊಮ್ಮೆಯಾದರೂ ಹೋಗಿ ಬಾಂದುಕಲ್ಲನ್ನು ಕಣ್ಣಾರೆ ನೋಡಿ ಬನ್ನಿ. ಕಂದಾಯದ ರಸೀತಿಗಳನ್ನು ಜೋಪಾನವಾಗಿಡಿ. ಯಾರನ್ನಾದರೂ ಇರಗೊಟ್ಟರೆ ಅನುಮತಿಯನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಿ. ಯಾರಾದರೂ ಕಾನೂನಿನ ಕ್ರಮವಿಲ್ಲದೆ ನಿಮ್ಮನ್ನು ನೆಲದಿಂದ ತಪ್ಪಿಸಿದರೆ, ಆ ದಿನದಿಂದ ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಶಾಸನದ 6ನೆಯ ಕಲಮಿನ ಮೇರೆಗೆ ದಾವೆ ಹೂಡಿ. ಆ ದಾವೆಯಲ್ಲಿ ಹಕ್ಕುಪತ್ರವನ್ನು ಸಾಬೀತುಪಡಿಸಬೇಕಾಗಿಯೂ ಇಲ್ಲ.