ಒಂದೇ ಬೆಂಚು, ಎರಡು ರಸೀದಿ

ನಮ್ಮ ದೇವಸಮುದ್ರ ಹೋಬಳಿಯಲ್ಲಿ ಶೇಂಗಾದ ದುಡ್ಡು ಮೊದಲು ಬೀಜ, ಗೊಬ್ಬರದ ಸಾಲಕ್ಕೆ ಹೋಗುತ್ತದೆ. ಉಳಿದರೆ ಮಕ್ಕಳ ಓದಿಗೆ. ತೊಂಬತ್ತರ ದಶಕದಲ್ಲಿ ಪಿಯುಸಿ ಮುಗಿಸಿದ ನನ್ನನ್ನು ಕಟ್ಟೆ ಮೇಲೆ ಕೂತವರು ಕೇಳಿದ್ದು ಒಂದೇ: "ಫ್ರೀ ಸೀಟೋ, ಪೇಮೆಂಟ್ ಸೀಟೋ?" ಕಾಲೇಜು ಯಾವುದೆಂಬುದು ಆಮೇಲಿನ ಮಾತು.

ಅದಕ್ಕೂ ಮುಂಚೆ ನಡೆಯುತ್ತಿದ್ದದ್ದು ಡೊನೇಷನ್. ವಿದ್ಯಾರ್ಥಿಗಳ ದುಡ್ಡಿನಿಂದಲೇ ಮೆಡಿಕಲ್ ಕಾಲೇಜು ನಡೆಸಬಹುದೆಂದು ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದಲ್ಲಿ ತೋರಿಸಿದ ಮೇಲೆ ಆ ದಾರಿ ಹಿಡಿದವರು ಬಹಳ. 1984ರಲ್ಲಿ ಕ್ಯಾಪಿಟೇಷನ್ ನಿಷೇಧಿಸಿದ ಸರ್ಕಾರವೇ 1989ರಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ವರ್ಷದ ದರ ಕಟ್ಟಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000, ಹೊರಗಿನವರಿಗೆ 60,000. ಕೊಯ್ಯುವ ಹೆಣ ಒಂದೇ, ದರ ಮೂರು! ತುಮಕೂರಿನ ಅಂಥ ಕಾಲೇಜೊಂದರಲ್ಲಿ ಅಷ್ಟು ಕಟ್ಟಲಾಗದ ಮೀರತ್‌ನ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ತೀರ್ಪು ಅವರ ವಾದವನ್ನು ಎತ್ತಿಹಿಡಿಯಿತು, ಆದರೆ ಅವರಿಗೆ ಸೀಟು ಕೊಡಿಸಲಿಲ್ಲ.

ಮರುವರ್ಷ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜಿನ ಸೀಟುಗಳನ್ನು ಅರ್ಧರ್ಧ ಮಾಡಿತು. ಪೇಮೆಂಟಿನವರು ಹೆಚ್ಚು ಕಟ್ಟಬೇಕು, ಅದರಲ್ಲಿ ಫ್ರೀ ಸೀಟಿನವರೂ ಓದಬೇಕು. ನಾನು ಇಂಜಿನಿಯರಿಂಗ್ ಓದಿದ್ದು ಹಾಗೆಯೇ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಶುಲ್ಕದ ರಸೀದಿಯನ್ನು ಮಡಿಸಿ ಡ್ರಾಫ್ಟರಿನ ಚೀಲದಲ್ಲಿ ಇಡುತ್ತಿದ್ದ. ಒಮ್ಮೆ ಬಿಡಿಸಿ ತೋರಿಸಿ, "ಇದರಲ್ಲಿ ನಿನ್ನದೂ ಇದೆ ಕಣೋ" ಎಂದ. ತಮಾಷೆಗೇ ಅಂದದ್ದು, ಲೆಕ್ಕ ಮಾತ್ರ ಸರಿಯಿತ್ತು. ಒಬ್ಬ ವಿದ್ಯಾರ್ಥಿಯ ಖರ್ಚನ್ನು ಇನ್ನೊಬ್ಬನ ತಲೆಗೆ ಕಟ್ಟಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಆ ಪದ್ಧತಿಯನ್ನೇ ತೆಗೆದುಹಾಕಿತು. ಆ ಮೊಕದ್ದಮೆಗೆ ಹೆಸರು ಟಿ.ಎಂ.ಎ. ಪೈ ಪ್ರತಿಷ್ಠಾನದ್ದೇ.

ನಮ್ಮ ಕಡೆಯವರಿಗೆ ಇಂಜಿನಿಯರಿಂಗ್ ಎಂದರೆ ಮೊದಲು ನೆನಪಾಗುವುದು ದಾವಣಗೆರೆಯ ಯುಬಿಡಿಟಿ. 1951ರ ಕಾಲೇಜು, ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಎಂಬ ದಾನಿ ಅದರ ಹೆಸರಿನಲ್ಲೇ ಇದ್ದಾರೆ. ಈಗ ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು. ಅಲ್ಲಿನ ಅರ್ಧದಷ್ಟು ಸೀಟುಗಳಿಗೆ ಪೇಮೆಂಟ್ ದರ ಹಾಕಿದ್ದಕ್ಕೆ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಲ್ಯಾಬಿಗೆ, ಕಾಯಂ ಮೇಷ್ಟ್ರುಗಳಿಗೆ ದುಡ್ಡು ಬೇಕು, ಒಪ್ಪೋಣ. ಆದರೆ ನನ್ನ ಕಾಲದಲ್ಲಿ ಪೇಮೆಂಟ್ ಸೀಟು ಒಂದು ಫ್ರೀ ಸೀಟನ್ನು ಸಾಕುತ್ತಿತ್ತು. ಇಲ್ಲಿ ಪೇಮೆಂಟ್ ಸೀಟು ಹುಟ್ಟಿದ್ದು ಇದ್ದ ಸರ್ಕಾರಿ ಸೀಟಿನ ಜಾಗದಲ್ಲಿ. ನಮ್ಮ ರಾಂಪುರದಲ್ಲಿ ಕೂತು ಆಪ್ಷನ್ ಎಂಟ್ರಿ ಮಾಡಿಸುವ ಹುಡುಗ ಇನ್ನು ಸರ್ಕಾರಿ ಕಾಲೇಜಿನ ಹೆಸರು ಕಂಡರೂ ಶುಲ್ಕ ಕೇಳಿಯೇ ಒತ್ತಬೇಕು.